ಗಡಿಬಿಡಿಯಲ್ಲಿ ಎದ್ದದ್ದಕ್ಕೆ

ಬಾವಿಯ ಪಂಪು ರಿಪೇರಿ ಮಾಡುವವನಿಗೆ ಕುಕ್ಕರುಗಾಲೇ ಕುರ್ಚಿ. ಬೆಳ್ಮಣ್ಣು ಊರಿನ ಒಂದು ಮನೆಯಲ್ಲಿ ತುಂಬ ಹೊತ್ತು ಹಾಗೇ ಕೂತು ಕೆಲಸ ಮುಗಿಸಿ, "ಆಯ್ತು, ಸ್ವಿಚ್ ಹಾಕಿ" ಎನ್ನುತ್ತ ತಟ್ಟನೆ ಎದ್ದೆ. ಕಣ್ಣು ಕತ್ತಲಾಯಿತು. ಬಾವಿಯ ಕಂಬ ಹಿಡಿದುಕೊಂಡರೂ ಕಾಲು ಗಡಗಡ ನಡುಗುತ್ತಿತ್ತು, ತಲೆ ತೂಗುತ್ತಿತ್ತು.

ನಮ್ಮ ಕಡೆ ಹೀಗೆ ನಡುಗುವವನನ್ನು ಕಂಡರೆ ಮೊದಲು ಡಾಕ್ಟರು ನೆನಪಾಗುವುದಿಲ್ಲ, ದೈವ ನೆನಪಾಗುತ್ತದೆ. ಮೈಮೇಲೆ ಬಂತೆಂದು ಮನೆಯ ಯಜಮಾನ ಚಪ್ಪಲಿ ಕಳಚಿ ಕೈ ಮುಗಿದೇಬಿಟ್ಟ. ಅವನ ತಾಯಿ, ಬೆನ್ನು ಬಾಗಿದ ಅಜ್ಜಿ, ಮುಂದೆ ಬಂದು ನನ್ನನ್ನೇ ಕೇಳಿದರು: "ಬಾವಿಯ ನೀರು ತಮ್ಮನ ಮನೆಗೆ ಹೋಗದ ಹಾಗೆ ಇವನು ಪೈಪು ಬಂದ್ ಮಾಡಿದ್ದಾನೆ. ಅದು ತಪ್ಪಲ್ವಾ?"

ನನ್ನ ತಲೆ ತಾನಾಗಿಯೇ ಮುಂದಕ್ಕೆ ವಾಲಿತು. ಹೌದೆಂದೇ ಲೆಕ್ಕವಾಯಿತು. ಯಜಮಾನ ಓಡಿಹೋಗಿ ವಾಲ್ವ್ ತಿರುಗಿಸಿದ.

ಸ್ವಲ್ಪ ಸುಧಾರಿಸಿದ ಮೇಲೆ ಅಜ್ಜಿ ಬೆಲ್ಲ, ನೀರು ತಂದುಕೊಟ್ಟರು. ದೈವದ ಹೆಸರಲ್ಲಿ ಸುಳ್ಳಾಯಿತಲ್ಲ ಎಂದು ನನಗೆ ಹೆದರಿಕೆ. "ಅಜ್ಜಿ, ದೈವವೂ ಅಲ್ಲ ಎಂತದೂ ಅಲ್ಲ. ಗಡಿಬಿಡಿಯಲ್ಲಿ ಎದ್ದದ್ದಕ್ಕೆ ತಲೆ ತಿರುಗಿದ್ದು" ಎಂದು ಪಿಸುಗುಟ್ಟಿದೆ.

"ಗೊತ್ತುಂಟು ಮಗಾ. ನನಗೂ ಬೆಳಿಗ್ಗೆ ಏಳುವಾಗ ಹಾಗೇ ಆಗ್ತದೆ" ಎಂದರು ಅಜ್ಜಿ. "ಆದರೆ ನಾನು ನಡುಗಿದರೆ ಇವನು ಮಾತ್ರೆ ಕೊಡ್ತಾನೆ."

ಮೊನ್ನೆ ಅಜ್ಜಿಯ ಫೋನು ಬಂದಿತ್ತು. ಪಂಪು ಚೆನ್ನಾಗಿಯೇ ಉಂಟಂತೆ. ಅಣ್ಣತಮ್ಮಂದಿರ ನಡುವೆ ಈಗ ಬೇಲಿಯ ತಕರಾರು. ನಾನೊಮ್ಮೆ ಬಂದು, ಸ್ವಲ್ಪ ಹೊತ್ತು ಕುಕ್ಕರುಗಾಲಲ್ಲಿ ಕೂತು ಏಳಬೇಕಂತೆ.