ಎತ್ತಿಗೆ ಗೊತ್ತಿದ್ದ ದಾರಿ

ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಬೇಕಾದದ್ದೆಲ್ಲ ಹಳ್ಳದ ಆಚೆಗಿತ್ತು. ತೆಲುಗು ಸೀಮೆಯ ಅಂಚಿನಲ್ಲಿ, ಕೌತಾಳಂ ಕಡೆಯ ಸಣ್ಣ ಊರು. ಬಸ್ಸು, ಶಾಲೆ, ಸಿಹಿನೀರಿನ ಬಾವಿ, ವಾರಕ್ಕೊಮ್ಮೆ ಬರುವ ನರ್ಸಮ್ಮ, ಎಲ್ಲ ಮೇಲಿನ ಓಣಿಯಲ್ಲಿ. ಹಳ್ಳದ ಈಚೆ ನಮ್ಮ ಕೇರಿ. ನರ್ಸಮ್ಮ ಸಾಹುಕಾರರ ಕಟ್ಟೆಯ ಮೇಲೆ ಕೂತು ಗುಳಿಗೆ ಕೊಡುತ್ತಿದ್ದಳು. ಆ ಕಟ್ಟೆ ಹತ್ತಲು ನಮ್ಮ ಜಾತಿಯವರಿಗೆ ಅಪ್ಪಣೆ ಇರಲಿಲ್ಲ. ಕೆಳಗೆ ಬಿಸಿಲಲ್ಲಿ ನಿಂತು ನಿಂತು ನಮ್ಮ ಸರದಿ ಬರುವ ಹೊತ್ತಿಗೆ ಅವಳ ಬಸ್ಸು ಬಂದುಬಿಡುತ್ತಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ.

ಹತ್ತಿ ಬಿಡಿಸುವ ಕಾಲದಲ್ಲಿ ಒಮ್ಮೆ ಅಕ್ಕನಿಗೆ ವಾಂತಿ ಭೇದಿ ಹತ್ತಿತು. ಬೆಳಗಾಗುವುದರೊಳಗೆ ಅವಳ ಕಣ್ಣು ಗುಳಿಬಿದ್ದಿದ್ದವು, ತುಟಿ ಬಿರಿದಿದ್ದವು. ಅವ್ವ ತೀರಿಹೋಗಿದ್ದಳು, ನನಗೆ ಉಣ್ಣಿಸುವವಳು, ತಲೆ ಬಾಚುವವಳು, ಬೈಯುವವಳು ಎಲ್ಲ ಅಕ್ಕನೇ. ನರ್ಸಮ್ಮ ಬರಲು ಇನ್ನೂ ನಾಲ್ಕು ದಿನವಿತ್ತು. ಬಸ್ಸಿಗೆ ಕೈಯಲ್ಲಿ ಕಾಸಿರಲಿಲ್ಲ. ಅಪ್ಪ ಸಾಹುಕಾರರ ಬಂಡಿ ಹೊಡೆಯುತ್ತಿದ್ದ. ಅವತ್ತು ಅವರ ಹತ್ತಿ ಆದವಾನಿ ಮಾರ್ಕೆಟ್ಟಿಗೆ ಹೋಗಬೇಕಿತ್ತು. ಅಪ್ಪ ಯಾರನ್ನೂ ಕೇಳದೆ ಹತ್ತಿಯ ಮೇಲೆ ಅಕ್ಕನನ್ನು ಮಲಗಿಸಿ, ಪಕ್ಕದಲ್ಲಿ ನನ್ನನ್ನು ಕೂರಿಸಿದ. ಮೊದಲು ದವಾಖಾನೆ, ಆಮೇಲೆ ಮಾರ್ಕೆಟ್ಟು ಅಂದ.

ದಾರಿಯುದ್ದಕ್ಕೂ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಿಸಿಲೇರಿದಂತೆ ಹತ್ತಿಯಿಂದ ಎಣ್ಣೆಯ ವಾಸನೆ ಬರುತ್ತಿತ್ತು. ಒಂದು ಗುಟುಕು ನೀರು ಕುಡಿಸಿದರೆ ಅಕ್ಕ ಎರಡು ಗುಟುಕು ಕಕ್ಕುತ್ತಿದ್ದಳು. ಎತ್ತುಗಳು ಮಾತ್ರ ಹಬ್ಬಕ್ಕೆ ಹೊರಟವರ ಹಾಗೆ ನಿಧಾನ. ರಾತ್ರಿಯೆಲ್ಲ ಎದ್ದಿದ್ದ ಅಪ್ಪನಿಗೆ ಕಣ್ಣು ಎಳೆಯುತ್ತಿದ್ದವು. ಹಗ್ಗ ನನ್ನ ಕೈಗೆ ಕೊಟ್ಟು ಹೇಳಿದ: "ಎತ್ತಿಗೆ ದಾರಿ ಗೊತ್ತೈತಿ. ಆದವಾನಿ ಬಂದಕೂಡ್ಲೆ ನನ್ನ ಎಬ್ಬಸು."

ನಾನು ಎಬ್ಬಿಸಲಿಲ್ಲ. ಅಕ್ಕನ ಕೈ ತಣ್ಣಗಾಗಿತ್ತು. ಅದನ್ನು ಉಜ್ಜುತ್ತಾ ಎಲ್ಲ ಮರೆತೆ. ಹತ್ತಿ ಮಿಲ್ಲಿನ ಸದ್ದು ಕಿವಿಗೆ ಬಿದ್ದಾಗ ತಲೆ ಎತ್ತಿ ನೋಡಿದರೆ ಮುಂದೆ ಬಂಡಿಗಳು, ಹಿಂದೆ ಬಂಡಿಗಳು. ಎತ್ತುಗಳಿಗೆ ಗೊತ್ತಿದ್ದದ್ದು ಮಾರ್ಕೆಟ್ಟಿನ ದಾರಿ ಒಂದೇ! ದವಾಖಾನೆಗೆ ಅವು ಯಾವತ್ತು ಹೋಗಿದ್ದವು? ದವಾಖಾನೆ ಊರಿನ ಆ ತುದಿಗಿತ್ತು, ನಮ್ಮ ಬಂಡಿ ತಿರುಗಿಸಲು ಗೇಣು ಜಾಗವಿರಲಿಲ್ಲ. ಅಪ್ಪನನ್ನು ಅಲುಗಾಡಿಸಿ ಎಬ್ಬಿಸಿದೆ.

ಅಪ್ಪ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಹಗುರಾಗುತ್ತಿತ್ತೇನೋ. ಅಕ್ಕನನ್ನು ಹೆಗಲಿಗೆ ಹಾಕಿಕೊಂಡು ಓಡಿದ. ಸಾಹುಕಾರರ ಹತ್ತಿ ಕಾಯಲು ನಾನೊಬ್ಬನೇ ಉಳಿದೆ. ಬಂಡಿ ಒಂದೊಂದು ಮಾರು ಮುಂದೆ ಸರಿಯುತ್ತಿತ್ತು. ಇಳಿಯುತ್ತಿದ್ದೆ, ಹತ್ತುತ್ತಿದ್ದೆ, ಅಪ್ಪ ಓಡಿಹೋದ ಬೀದಿಯನ್ನೇ ನೋಡುತ್ತಿದ್ದೆ. ಅಕ್ಕ ಸತ್ತರೆ ಕೊಂದವನು ನಾನೇ ಅನ್ನಿಸುತ್ತಿತ್ತು. ಮುಂದಿನ ಬಂಡಿಯವನ ಹತ್ತಿರ ನೀರು ಕೇಳಿದೆ. ಅವನು ಮೊದಲು ಯಾರ ಪೈಕಿ ಎಂದು ವಿಚಾರಿಸಿ, ಆಮೇಲೆ ಮೇಲಿನಿಂದ ನನ್ನ ಬೊಗಸೆಗೆ ಸುರಿದ.

ಹೊತ್ತು ಇಳಿದಾಗ ಅಪ್ಪ ಬಂದ. ಬರಿಗೈಯಲ್ಲಿ ಬಂದವನನ್ನು ಕಂಡು, ಅಕ್ಕ ಹೋದಳೆಂದೇ ಅಳತೊಡಗಿದೆ. ಅವನು ನನ್ನ ತಲೆ ಮುಟ್ಟಿ, "ಅದಾಳ. ಗುಲ್ಕೋಸ್ ಬಾಟ್ಲಿ ಹಚ್ಯಾರ," ಅಂದ. ಡಾಕ್ಟರು ತೆಲುಗಿನಲ್ಲಿ ಬೈದರಂತೆ, ಇಷ್ಟು ತಡ ಯಾಕೆ ಮಾಡಿದಿರಿ ಎಂದು. ನೀನೇನು ಅಂದಿ ಎಂದು ಅಳುತ್ತಲೇ ಕೇಳಿದೆ.

"ತಡ ಮಾಡಿಲ್ರಿ, ನಾವಿರೋದ ದೂರ ಐತ್ರಿ ಅಂದೆ."

ಮೊಮ್ಮಕ್ಕಳೇ, ನೀವೂ ಇದೇ ಕೇರಿಯವರು. ಆದರೆ ನಿಮ್ಮ ಮನೆಯೊಳಗೆ ನಲ್ಲಿ ಇದೆ, ಶಾಲೆಯಲ್ಲಿ ಎಲ್ಲರ ಜೊತೆ ಒಂದೇ ಬೆಂಚಿದೆ. ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ಮೇಲಿನ ಓಣಿಯ ತನಕ. ಹಳ್ಳಕ್ಕೆ ಸೇತುವೆ ಮಾತ್ರ ಇನ್ನೂ ಆಗಿಲ್ಲ. ಹೋದ ಮಳೆಗಾಲದಲ್ಲಿ ನಿಮ್ಮ ತಂಗಿ ಹುಟ್ಟುವ ದಿನ ನಿಮ್ಮವ್ವನನ್ನು ಮಂಚದ ಮೇಲೆ ಹೊತ್ತು, ಮೊಣಕಾಲುದ್ದದ ನೀರಲ್ಲಿ ದಾಟಿಸಿದೆವು. ಬೇಡವೆಂದರೂ ಕೇಳದೆ ಮಂಚದ ಒಂದು ಕಾಲು ಹಿಡಿದಿದ್ದ ಮುದುಕಿ ಯಾರು ಗೊತ್ತೇ? ಅದೇ ನನ್ನ ಅಕ್ಕ. ಆದವಾನಿಯಲ್ಲಿ ನರ್ಸು ನಮ್ಮ ಒದ್ದೆ ಬಟ್ಟೆ ನೋಡಿ, ಯಾಕಿಷ್ಟು ತಡ ಎಂದು ಕೇಳಿದಳು. ನನ್ನ ಬಾಯಿಂದ ಅಪ್ಪನ ಮಾತೇ ಬಂತು, ಒಂದಕ್ಷರವೂ ಬದಲಾಗದೆ. ನಿಮಗೆ ಬಿಟ್ಟುಹೋಗಲು ನನ್ನ ಬಳಿ ಹೆಚ್ಚೇನೂ ಇಲ್ಲ. ಆ ಮಾತನ್ನಂತೂ ನಿಮ್ಮ ಬಾಯಿಗೆ ಬಿಟ್ಟುಹೋಗಲಾರೆ.