ವಾಲಗದ ಜವರಯ್ಯನ ತುಟಿ

ಬಿಂಡಿಗನವಿಲೆಯ ಜವರಯ್ಯ ಮೂವತ್ತು ವರ್ಷ ಮದುವೆಗಳಲ್ಲಿ ವಾಲಗ ಊದಿ ಬದುಕಿದವನು. ಅವನ ಎಡಗಡೆಯ ಕೆಳಹಲ್ಲಿನ ಬೇರಿನ ತುದಿಯಲ್ಲಿ ಕೀವು ಕಟ್ಟಿತು. ಎರಡು ಸಲ ಬೇರಿನ ಚಿಕಿತ್ಸೆ ಮಾಡಿಸಿದರೂ ವಸಡು ಮತ್ತೆ ಊದಿಕೊಳ್ಳುತ್ತಿತ್ತು. ಉಸಿರು ಕಟ್ಟಿ ಊದಿದರೆ ದವಡೆಯೊಳಗೆ ಕಾದ ಸೂಜಿ ಆಡಿಸಿದಂತಾಗುತ್ತಿತ್ತು.

ಶ್ರೀರಂಗಪಟ್ಟಣದ ದಂತವೈದ್ಯೆ ಪ್ರಿಯಾಂಕ ಸ್ಕ್ಯಾನ್ ತೋರಿಸಿ ಹೇಳಿದರು: "ಮೂಳೆ ಕೊರೆದು ಬೇರಿನ ತುದಿ ಕತ್ತರಿಸಬೇಕು. ತುಟಿಗೆ ಹೋಗೋ ನರ ಪಕ್ಕದಲ್ಲೇ ಇದೆ. ಅದಕ್ಕೆ ಏಟು ಬಿದ್ರೆ ತುಟಿ ಮರಗಟ್ಟಿ ಹಾಗೇ ಉಳೀಬಹುದು."

"ತುಟಿ ಓದ್ರೆ ನಾನೇ ಓದಂಗೆ ಕಣವ್ವಾ."

ಅದಕ್ಕೇ ಅವರು ಬಾಯಿಯ ಅಳತೆ ತೆಗೆದು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಹಲ್ಲುಗಳ ಮೇಲೆ ಕೂರುವ ಪ್ಲಾಸ್ಟಿಕ್ ಅಚ್ಚೊಂದನ್ನು ಮಾಡಿಸಿದರು. ಅದರಲ್ಲೊಂದು ಕಿಂಡಿ. ಕೊರೆಯುವ ಸಲಕರಣೆ ಆ ಕಿಂಡಿಯಲ್ಲೇ ಇಳಿಯಬೇಕು, ನರದತ್ತ ಸರಿಯುವಂತಿಲ್ಲ. ಹತ್ತು ದಿನ ಬಿಟ್ಟು ಬರಲು ಹೇಳಿದರು.

ಏಳನೆಯ ದಿನ ನೋವು ಕಿವಿಗೇರಿತು. ಕೀವಿನ ಹಲ್ಲಿನ ಹಿಂದೆ ಅಲ್ಲಾಡುತ್ತಿದ್ದ ದವಡೆಹಲ್ಲೇ ಕಾರಣವೆಂದುಕೊಂಡು ಜವರಯ್ಯ ನಾಗಮಂಗಲದಲ್ಲಿ ಅದನ್ನು ಕೀಳಿಸಿಬಿಟ್ಟ. ನೋವು ಹೋಗಲಿಲ್ಲ.

ಆಪರೇಷನ್ ದಿನ ಅಚ್ಚು ಕೂರಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು.

"ಹಿಂದಿನ ಹಲ್ಲೆಲ್ಲಿ?" ಎಂದರು ಪ್ರಿಯಾಂಕ.

"ಕೀಳುಸ್ಬುಟ್ಟೆ."

ಅವರು ಕೈಗವಸು ಕಳಚಿದರು. "ಅಚ್ಚು ಆ ಹಲ್ಲಿನ ಮೇಲೂ ಕೂರಬೇಕಿತ್ತು. ಅಲ್ಲಾಡೋ ಅಚ್ಚು ನಂಬಿ ನಾನು ಕೊರೆಯಲ್ಲ. ಹೊಸದು ಮಾಡಿಸಬೇಕು."

"ಅಂದಾಜ್ನಾಗೆ ಮಾಡ್ಬುಡಿ ತಾಯಿ, ಕೈ ಮುಗೀತೀನಿ."

ಅವರು ಒಪ್ಪಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಸಿದು ಕೂತ ಜವರಯ್ಯ, "ನನ್ ಬಾಯ್ಗೆ ನಾನೇ ಮಣ್ಣಾಕ್ಕೊಂಡೆ ಕಣೇ," ಎಂದು ಬಿಕ್ಕಿದ. ಹೆಂಡತಿ ಕುಳ್ಳಮ್ಮ ಸೆರಗಿನಲ್ಲಿ ಅವನ ಮುಖ ಒರೆಸಿದಳು. "ಅಳ್ಬ್ಯಾಡಿ, ಊತ ಜಾಸ್ತಿಯಾಯ್ತದೆ."

ಮತ್ತೆ ಹನ್ನೊಂದು ದಿನ ಮಾತ್ರೆ, ಗಂಜಿ. ಒಪ್ಪಿಕೊಂಡಿದ್ದ ಎರಡು ಮದುವೆಗೆ ಬೇರೆಯವರು ಹೋದರು.

ಎರಡನೆಯ ಅಚ್ಚು ಗಟ್ಟಿಯಾಗಿ ಕೂತಿತು. ಆಪರೇಷನ್ ಮುಗಿದಾಗ ಗಲ್ಲ, ತುಟಿ ಎರಡೂ ಸತ್ತಂತಿದ್ದವು. ಸೂಜಿಮದ್ದು ಸಂಜೆಗೆ ಇಳಿಯುತ್ತದೆ ಎಂದರು ಪ್ರಿಯಾಂಕ. ಬಸ್ಸಿನುದ್ದಕ್ಕೂ ಜವರಯ್ಯ ತುಟಿ ಚಿವುಟಿಕೊಳ್ಳುತ್ತಲೇ ಬಂದ. ಸಂಜೆಗೆ ಗಲ್ಲಕ್ಕೆ ಸ್ಪರ್ಶ ಬಂತು. ತುಟಿಯ ಮೇಲೆ ಮಾತ್ರ ಬೆರಳ ತುದಿಯಷ್ಟು ಜಾಗ ಹಾಗೇ ಉಳಿಯಿತು.

"ಇಲ್ಲೇ ಕಣೇ ನಾನು ವಾಲಗದ ಪೀಪಿ ಕಚ್ಚೋದು," ಎಂದ.

ನರಕ್ಕೆ ಏಟಾಗಿಲ್ಲ, ಊತ ಒತ್ತುತ್ತಿದೆ, ಕಾಯಿರಿ ಎಂದರು ವೈದ್ಯೆ ಫೋನಿನಲ್ಲಿ. ಅವನು ನಂಬಲಿಲ್ಲ. ದಿನಾ ಬೆಳಗ್ಗೆ ಒದ್ದೆ ಬೆರಳಿಂದ ಮುಟ್ಟಿ ನೋಡಿ ಗೋಡೆಗೊರಗುತ್ತಿದ್ದ. ಏಳನೆಯ ವಾರ ಅಲ್ಲಿ ಇರುವೆ ಕಚ್ಚಿದಂತೆ ಚುಳ್ಳೆಂದಿತು.

ಕೀವು ಮತ್ತೆ ಕಟ್ಟಲಿಲ್ಲ; ಮೂರು ತಿಂಗಳಿಗೆ ಊದಲು ವೈದ್ಯೆಯ ಒಪ್ಪಿಗೆ ಸಿಕ್ಕಿತು. ಮೊದಲ ಸ್ವರ ಸೀಳಿತು, ಎರಡನೆಯದೂ ಸೀಳಿತು. ಈಗ ಮದುವೆಗಳಲ್ಲಿ ಅರ್ಧ ಗಂಟೆ ಊದುತ್ತಾನೆ. ಆಮೇಲೆ ತುಟಿ ಸೋತು, ಜೊತೆಯವನಿಗೆ ಬಿಟ್ಟುಕೊಟ್ಟು ಪಕ್ಕಕ್ಕೆ ಕೂರುತ್ತಾನೆ.