ವಿಂಕೋ ಸರಿಸಿದ ಗೋಡೆ

ಗುಡ್ಡ ಕೊರೆದೇ ಮನೆ ಮಾಡಿಕೊಳ್ಳುವ ಆಸ್ಟ್ರೇಲಿಯಾದ ಗಣಿಯೂರು ಕೂಬರ್ ಪೀಡಿಯಲ್ಲಿ ಮನೆ ಸಾಲದಿದ್ದರೆ ಯಾರೂ ಬೇರೆ ಮನೆ ಹುಡುಕುವುದಿಲ್ಲ. ಗುಡ್ಡದೊಳಗಿನ ಗೋಡೆಯನ್ನೇ ಇನ್ನಷ್ಟು ಕೊರೆಯುತ್ತಾರೆ. ಕ್ರೊಯೇಷಿಯಾದಿಂದ ಬಂದು ಓಪಲ್ ರತ್ನದ ಗಣಿಯಲ್ಲಿ ಮುದುಕನಾದ ನನ್ನ ಗೆಳೆಯ ವಿಂಕೋ ಹೀಗೆ ಕೊರೆದ ಅಡುಗೆಮನೆ ಎಷ್ಟು ದೊಡ್ಡದೆಂದರೆ, ಒಲೆಯ ಮೇಲೆ ಸೂಪು ಉಕ್ಕಿದ ಸುದ್ದಿ ಮೇಜಿಗೆ ತಲುಪುವಷ್ಟರಲ್ಲಿ ಸೂಪು ಆರಿರುತ್ತಿತ್ತು. ಹೆಂಡತಿ ಯಾಗೊದಾ ಅಲ್ಲಿಂದ "ವಿಂಕೋ, ಊಟ!" ಎಂದು ಕೂಗಿದರೆ ನೂರಾರು ಮೈಲಿ ದೂರದ ಅಡಿಲೇಡಿನ ಜನ ಕೈ ತೊಳೆಯುತ್ತಿದ್ದರು.

ಯಾಗೊದಾ ತೀರಿಕೊಂಡ ಮೇಲೆ ಆ ಕೂಗು ಉಳಿದದ್ದು ವಿಂಕೋನ ಕಂಪ್ಯೂಟರಿನಲ್ಲಿ ಮಾತ್ರ. ಅವಳ ವಿಡಿಯೋಗಳಿಂದ ಡಿಸ್ಕಿನ ಒಂದು ಭಾಗ ತುಂಬಿಹೋಗಿತ್ತು. ನಡುವಿನ ಗೋಡೆಯಂಥ ಗಡಿಯಾಚೆ ಪಕ್ಕದ ಭಾಗ ಖಾಲಿ ಬಿದ್ದಿತ್ತು. ಅಷ್ಟರಲ್ಲಿ ವಿಂಕೋನ ಮೊಮ್ಮಗಳ ವಿಡಿಯೋ ಬಂತು.

"ಇವಳೂ ಅಜ್ಜಿ ಪಕ್ಕದಲ್ಲೇ ಇರ್ಲಿ. ಮಧ್ಯದ ಗೋಡೆ ಸರಿಸಿದ್ರಾಯ್ತು," ಅಂದ ವಿಂಕೋ.

"ಮೊದ್ಲು ಎಲ್ಲಾನೂ ಇನ್ನೊಂದು ಡಿಸ್ಕಿಗೆ ನಕಲು ಮಾಡ್ಕೊಳೋ ಮಾರಾಯ. ಪರದೆ ಮೇಲೇ ಹಾಗಂತ ಬರ್ದಿದೆ ನೋಡು," ಎಂದೆ.

"ಒಂದು ರೂಮು ಅಗಲ ಮಾಡೋಕೆ ಪಕ್ಕದಲ್ಲಿ ಇನ್ನೊಂದು ಮನೆ ಕೊರೀತಾರೇನೋ ಲೆಫ್ಟೇರಿ? ನೀವು ಗ್ರೀಕರೇ ಪುಕ್ಕಲರು!"

"ನಿನ್ನ ತಲೆಗೆ ಮಾತು ಇಳಿಸೋಕೆ ಡೈನಮೈಟೇ ಇಡ್ಬೇಕು."

ಗುಂಡಿ ಒತ್ತಿಯೇಬಿಟ್ಟ. ಪರದೆಯ ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತಿತು. ಕಾಯುತ್ತ ಕಾಯುತ್ತ ನನ್ನ ಗಡ್ಡ ಮೊಣಕಾಲಿಗೆ ಬಂತು.

"ಅದರ ಪಾಡಿಗೆ ಬಿಡು, ವಿಡಿಯೋಗಳನ್ನ ಒಂದೊಂದಾಗಿ ಹೊತ್ತು ಸಾಗಿಸ್ತಿದೆ," ಎಂದೆ.

ಆಗ ಡಿಸ್ಕು ಕಟಕಟ ಎಂದಿತು. ಗಣಿಯಲ್ಲಿ ಕೊರೆಯುವ ಯಂತ್ರ ಸಿಕ್ಕಿಕೊಂಡು ಹಾಗೆ ಸದ್ದು ಮಾಡಿದರೆ ಯೋಚಿಸುತ್ತ ಕೂರುವಂತಿಲ್ಲ, ಆ ಕ್ಷಣವೇ ಕರೆಂಟು ತೆಗೆಯಬೇಕು. ವಿಂಕೋನನ್ನು ಇಷ್ಟು ವರ್ಷ ಬದುಕಿಸಿದ್ದೇ ಆ ಅಭ್ಯಾಸ. ನಾನು "ಬೇಡ್ವೋ!" ಎನ್ನುವಷ್ಟರಲ್ಲಿ ಅವನ ಕೈ ಪ್ಲಗ್ಗನ್ನು ಕಿತ್ತಾಗಿತ್ತು.

ಮತ್ತೆ ಹಚ್ಚಿದಾಗ ಕಂಪ್ಯೂಟರಿಗೆ ಯಾಗೊದಾಳ ವಿಡಿಯೋಗಳಿದ್ದ ಭಾಗದ ಗುರುತೇ ಹತ್ತಲಿಲ್ಲ. ಅಡಿಲೇಡಿನ ರಿಪೇರಿಯವನು ಸಿಕ್ಕಷ್ಟು ಚೂರುಗಳನ್ನು ಹೆಕ್ಕಿ ಕಳಿಸಿದ. ಮಸುಕು ಚಿತ್ರಗಳು, ಒಂದರಲ್ಲೂ ದನಿ ಇರಲಿಲ್ಲ.

ಈಗ ನಾನು ಹೋದಾಗಲೆಲ್ಲ ಅವನದು ಒಂದೇ ಬೇಡಿಕೆ.

"ಎಲ್ಲರನ್ನೂ ಅಣಕಿಸ್ತೀಯಲ್ಲ, ಅವಳ ಹಾಗೆ ಒಂದ್ಸಲ ಕೂಗು."

ಊರಿನ ಪಾದ್ರಿಯಿಂದ ಹಿಡಿದು ಕಾಕಟೂ ಹಕ್ಕಿಯವರೆಗೆ, ನಾನು ಯಾರನ್ನು ಅಣಕಿಸಿದರೂ ಅವರವರ ತಾಯಂದಿರೇ ಮೋಸಹೋಗುತ್ತಾರೆ. ಕೂಗುತ್ತೇನೆ.

"ಹಾಗಲ್ಲ ಕಣೋ. ಕೊನೇಲಿ ಸ್ವಲ್ಪ ಏರ್ತಿತ್ತು."

ಏರಿಸುತ್ತೇನೆ.

"ಅಷ್ಟಲ್ಲ."

ಅವನೇ ಕೂಗಿ ನೋಡುತ್ತಾನೆ. ಇಬ್ಬರೂ ತಲೆಯಾಡಿಸುತ್ತೇವೆ. ಮೇಜಿನ ಮೇಲೆ ಸೂಪು ಆರುತ್ತಿರುತ್ತದೆ. ನಾನು ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ ಕೂಗುತ್ತೇನೆ.